ಹೊಸ ಜಿಟಿಐ: ಇದು ಗಾಡಿಯ ಗುಣವೋ, ದೋಷವೋ?

ಪ್ರಶ್ನೆ (ಕ್ಯಾತ್ಸಂದ್ರದಿಂದ):
ಅಣ್ಣ, ನಮಸ್ಕಾರ. ಮನೆಗೆ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರು ಬಂದಿದೆ. ಕೆಎ-06 ಪ್ಲೇಟ್ ಬಿದ್ದು ಇನ್ನೂ ತಿಂಗಳಾಗಿಲ್ಲ. ಇಷ್ಟು ವರ್ಷ ಗೇರ್ ಹಾಕಿ ಓಡಿಸುವ ಡೀಸೆಲ್ ಗಾಡಿ ಇಟ್ಟುಕೊಂಡಿದ್ದವನು ನಾನು. ಈ ಗಾಡಿಯ ಕೆಲವು ವರ್ತನೆ ಅರ್ಥವೇ ಆಗುತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಜೋರಾಗಿ ಗುರ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಸುಮ್ಮನಾಗುತ್ತದೆ. ಟೌನ್‌ಹಾಲ್ ಸಿಗ್ನಲ್ ಹತ್ತಿರ ನಿಧಾನ ಮಾಡಿ, ಅಷ್ಟರಲ್ಲಿ ಹಸಿರು ಬಿತ್ತು ಅಂತ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ನುಗ್ಗುತ್ತದೆ, ಸ್ಟೇರಿಂಗ್ ಕೂಡ ಕೈಯಲ್ಲಿ ಎಳೆದಂತಾಗುತ್ತದೆ. ಮನೆಗೆ ಬಂದು ಆಫ್ ಮಾಡಿದ ಮೇಲೂ ಬಾನೆಟ್ ಒಳಗೆ ಫ್ಯಾನ್ ಓಡುತ್ತಲೇ ಇರುತ್ತದೆ. ಕೇಳಿದವರೆಲ್ಲ ‘ನಾರ್ಮಲ್ ಬಿಡಿ’ ಅಂತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ.

ಉತ್ತರ (ನಮ್ಮ ಕಾರು ಗುಂಪಿನ ಮೆಕ್ಯಾನಿಕ್):
ಅಭಿನಂದನೆ ಸರ್. ನಾರ್ಮಲ್ ಅನ್ನೋದು ನಿಜ, ಆದರೆ ಕಾರಣ ಗೊತ್ತಿದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ ಅಲ್ವಾ?

ಬೆಳಿಗ್ಗೆಯ ಸದ್ದು ಮೊದಲು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದರೆ ಮಾತ್ರ ಕೆಲಸ ಮಾಡುತ್ತದೆ. ಅದನ್ನು ಬೇಗ ಕಾಯಿಸಲು ಇಂಜಿನ್ ಬೇಕಂತಲೇ ಜಾಸ್ತಿ ಆರ್‌ಪಿಎಂನಲ್ಲಿ ಓಡುತ್ತದೆ, ಸ್ಪಾರ್ಕ್ ಕೂಡ ತಡವಾಗಿ ಬೀಳುತ್ತದೆ. ಶಾಖ ಸೈಲೆನ್ಸರ್ ಕಡೆ ಹೋಗಲಿ ಅಂತ. ಅದರ ಜೊತೆ ಟಿಕ್ ಟಿಕ್ ಅಂತ ಕೇಳಿದರೂ ಹೆದರಬೇಡಿ. ಪೆಟ್ರೋಲನ್ನು ಭಾರೀ ಒತ್ತಡದಲ್ಲಿ ನೇರ ಸಿಲಿಂಡರ್ ಒಳಗೆ ಚಿಮ್ಮಿಸುವ ಪಂಪ್ ಮತ್ತು ಇಂಜೆಕ್ಟರ್ ಸದ್ದು ಅದು.

ಸಿಗ್ನಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತಾನೇ ಗೇರ್ ಬದಲಿಸುವ ನಿಮ್ಮ 7 ಗೇರಿನ ಬಾಕ್ಸ್‌ನಲ್ಲಿ ಎರಡು ಕ್ಲಚ್ ಇವೆ. ಒಂದು 1, 3, 5, 7ಕ್ಕೆ, ಇನ್ನೊಂದು 2, 4, 6ಕ್ಕೆ. ನೀವು 3ರಲ್ಲಿ ಹೋಗುವಾಗಲೇ ಮುಂದಿನ ಗೇರನ್ನು ಅದು ಊಹಿಸಿ ಸಿದ್ಧ ಇಟ್ಟಿರುತ್ತದೆ. ಊಹೆ ಸರಿಯಾದರೆ ಗೇರ್ ಬಿದ್ದದ್ದೇ ಗೊತ್ತಾಗುವುದಿಲ್ಲ. ಆದರೆ ಬ್ರೇಕ್ ಹಿಡಿದು ನಿಲ್ಲುವವರಂತೆ ಬಂದು ತಟ್ಟನೆ ಒತ್ತಿದರೆ ಊಹೆ ತಪ್ಪುತ್ತದೆ. ಹಾಕಿಟ್ಟ ಗೇರ್ ಬಿಟ್ಟು ಬೇರೆಯದು ಹಿಡಿಯಬೇಕು. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊಗೂ ಒತ್ತಡ ಏರಿಸಲು ಸಮಯ ಬೇಕು. ಎರಡೂ ಸೇರಿ ಆ ‘ಏನೂ ಆಗಲಿಲ್ಲ’ ಅನ್ನುವ ಕ್ಷಣ. ಅಷ್ಟರಲ್ಲಿ ನೀವು ಇನ್ನೂ ಒತ್ತಿರುತ್ತೀರಿ. ಅದಕ್ಕೇ ನುಗ್ಗುವುದು! ಉಪಾಯ ಇಷ್ಟೇ: ಒತ್ತುವ ಮೊದಲು ಸ್ಟೇರಿಂಗ್ ಹಿಂದಿರುವ ಎಡಗಡೆ ಪ್ಯಾಡಲ್ ಒಮ್ಮೆ ಎಳೆದು ಗೇರ್ ಇಳಿಸಿ, ಇಲ್ಲ ಮೆತ್ತಗೆ ಒತ್ತಿ ಗಾಡಿ ಹಿಡಿದುಕೊಳ್ಳುವ ತನಕ ಕಾಯಿರಿ. ಒಂದೆರಡು ವಾರದಲ್ಲಿ ಕಾಲಿಗೆ ತಾನೇ ಅಭ್ಯಾಸ ಆಗುತ್ತದೆ. ಜಾಮ್‌ನಲ್ಲಿ ಇಂಚಿಂಚು ತೆವಳಿಸಬೇಡಿ, ಮುಂದೆ ಜಾಗ ಆದ ಮೇಲೆ ಒಂದೇ ಸಲ ಹೋಗಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳುವ ಹಳೇ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕ್ಲಚ್ ಸುಡುವುದು ಹಾಗೇ.

ಸ್ಟೇರಿಂಗ್ ಎಳೆತಕ್ಕೆ ಕಾರಣ ಬಲ. 265 ಪಿಎಸ್ ಶಕ್ತಿ, 370 ನ್ಯೂಟನ್ ಮೀಟರ್ ತಿರುಗಿಸುವ ಬಲ (ಟಾರ್ಕ್) ಎಲ್ಲಾ ಮುಂದಿನ ಎರಡೇ ಚಕ್ರಕ್ಕೆ, ತಿರುಗಬೇಕಾದವೂ ಅವೇ. ರಸ್ತೆ ಒಂದು ಕಡೆ ನುಣುಪಾಗಿದ್ದರೆ ಎಳೆತ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎರಡು ಕೈ ಸ್ಟೇರಿಂಗ್ ಮೇಲಿರಲಿ, ಮಳೆಯಲ್ಲಿ ಕಾಲು ಹಗುರ ಇರಲಿ. ಆದರೆ ಸಮನಾದ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಹೋಗುವಾಗಲೂ ಒಂದೇ ಕಡೆ ಎಳೆದರೆ ಅದು ಬೇರೆ ಕಥೆ. ಚಕ್ರಗಳ ಅಲೈನ್‌ಮೆಂಟ್ ತೋರಿಸಿ.

ಫ್ಯಾನ್ ಓಡಲಿ ಬಿಡಿ. ಕಾದ ಟರ್ಬೊ ಒಳಗೆ ಆಯಿಲ್ ನಿಂತರೆ ಸುಟ್ಟು ಗಟ್ಟಿಯಾಗುತ್ತದೆ. ಅದಾಗದಿರಲಿ ಅಂತ ಈ ವ್ಯವಸ್ಥೆ. ಮನೆ ಹತ್ತಿರ ಬರುವಾಗ ಕೊನೆಯ ಒಂದೆರಡು ಕಿ.ಮೀ. ಮೆಲ್ಲಗೆ ಬಂದರೆ ಸಾಕು.

ಅದೇ ಸದಸ್ಯರು:
ಈಗ ಜೀವ ಬಂತು ಅಣ್ಣ. ಇನ್ನೊಂದು ಜಗಳ ಬಗೆಹರಿಸಿ. ನಮ್ಮ ಮಾವ 60 ದಾಟಬೇಡ ಅಂತಾರೆ. ಸ್ನೇಹಿತರು ಈಗಿನ ಇಂಜಿನ್‌ಗೆ ರನ್ನಿಂಗ್ ಇನ್ (ಹೊಸ ಗಾಡಿಯನ್ನು ಮೊದಮೊದಲು ಮೆಲ್ಲಗೆ ಓಡಿಸಿ ಹದ ಮಾಡುವುದು) ಎಲ್ಲಾ ಬೇಕಿಲ್ಲ ಅಂತಾರೆ.

ಉತ್ತರ:
ಮಾವನವರದು ಹಳೇ ಅಂಬಾಸಡರ್ ಕಾಲದ ಲೆಕ್ಕ, ಸ್ನೇಹಿತರದು ಸುಮ್ನೆ ಮಾತು. ಮೊದಲ 1,000 ಕಿ.ಮೀ. ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಅಲ್ಲಿಂದ 1,500ರ ತನಕ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋಗಿ. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೈವೇ ಓಡಿಸುವುದೂ ಒಳ್ಳೆಯದಲ್ಲ, ಏರಿಳಿತ ಇರಲಿ. ಹೊಸ ಟೈರ್‌ಗೆ ಸುಮಾರು 500 ಕಿ.ಮೀ. ತನಕ ಪೂರ್ತಿ ಹಿಡಿತ ಬರುವುದಿಲ್ಲ. ಬ್ರೇಕ್ ಪ್ಯಾಡ್ ಕೂರಲು 200ರಿಂದ 300 ಬೇಕು. ಇದನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಇಂಜಿನ್‌ದೇ ಚಿಂತೆ.

ಇನ್ನೊಂದು ಮುಖ್ಯ. ಮೀಟರ್‌ನಲ್ಲಿ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) 90 ಡಿಗ್ರಿ ತೋರಿಸಿದ ತಕ್ಷಣ ಇಂಜಿನ್ ಬಿಸಿಯಾಯಿತು ಅಂದುಕೊಳ್ಳಬೇಡಿ. ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆಯಿಲ್ ಟೆಂಪರೇಚರ್ ಪರದೆ ಮೇಲೆ ಹಾಕಿಕೊಳ್ಳಿ. ಅದು 80 ದಾಟುವ ಮುಂಚೆ ಜೋರು ಬೇಡ. ಕ್ಯಾತ್ಸಂದ್ರದಲ್ಲಿ ಮನೆ ಬಿಟ್ಟ ಐದು ನಿಮಿಷಕ್ಕೆ ಹೈವೇ ಸಿಗುತ್ತದೆ, ಆಸೆ ಆಗುತ್ತದೆ, ನನಗೆ ಗೊತ್ತು. ಆಯಿಲ್ ಮಟ್ಟವನ್ನೂ ಆಗಾಗ ನೋಡಿ. ಹೊಸ ಟರ್ಬೊ ಇಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. 1,000 ಕಿ.ಮೀ.ಗೆ ಅರ್ಧ ಲೀಟರ್ ತನಕ ಕಂಪನಿಯೇ ಒಪ್ಪುತ್ತದೆ.

ಪ್ರಶ್ನೆ (ಶಿರಾ ಗೇಟ್‌ನಿಂದ):
ಅಣ್ಣ, ನಮ್ಮ ಹಂಪ್‌ಗಳಿಗೆ ಇಂಥ ಗಾಡಿ ತಡೆಯುತ್ತಾ? ನಾನೂ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಸೆಡಾನ್ ನೋಡುತ್ತಿದ್ದೇನೆ.

ಉತ್ತರ:
ಹಂಪ್‌ಗಿಂತ ಗುಂಡಿಗೆ ಹೆದರಿ ಮೇಡಂ. 225/40 ಆರ್18 ಟೈರ್ ಅಂದರೆ ಬದಿಯ ಎತ್ತರ 225ರಲ್ಲಿ ಶೇ. 40, ಬರೀ 90 ಮಿ.ಮೀ. ಸಾಮಾನ್ಯ ಗಾಡಿಯ 185/65 ಟೈರ್‌ನಲ್ಲಿ 120 ಮಿ.ಮೀ. ಇರುತ್ತದೆ. ಆ ಕಡಿಮೆಯಾದ ರಬ್ಬರ್ ಮಾಡಬೇಕಿದ್ದ ಕೆಲಸ ರಿಮ್ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ನೀರು ನಿಂತ ಗುಂಡಿಗೆ ಇಳಿಸಿ, ಬದಿ ಉಬ್ಬಿದ ಟೈರ್ ಹಿಡಿದುಕೊಂಡು ಬರುವವರು ತುಂಬಾ ಜನ. ಉಬ್ಬಿದ ಟೈರ್‌ಗೆ ಪ್ಯಾಚ್ ಇಲ್ಲ, ಬದಲಿಸಲೇಬೇಕು. ಗಾಳಿ ಕಡಿಮೆ ಇದ್ದರೆ ರಿಮ್ ಬೇಗ ಬಾಗುತ್ತದೆ, ಆದ್ದರಿಂದ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಚೆಕ್ ಮಾಡಿಸಿ. ದೊಡ್ಡ ಹಂಪ್ ಇದ್ದರೆ ಹಿಂದೆ ಮುಂದೆ ನೋಡಿಕೊಂಡು ಓರೆಯಾಗಿ ದಾಟಿಸಿ. ಸೆಕೆಂಡ್ ಹ್ಯಾಂಡ್ ನೋಡುವಾಗ ರಿಮ್‌ನ ಒಳಮೈ ಬಗ್ಗಿ ನೋಡಿ. ಹೊರಗಡೆ ಪಾಲಿಷ್ ಮಾಡಿರುತ್ತಾರೆ, ಒಳಗಡೆ ಯಾರೂ ಮಾಡುವುದಿಲ್ಲ.

ಪ್ರಶ್ನೆ (ತಿಪಟೂರಿನಿಂದ):
ನಂದು ಬೇರೆ ಕಂಪನಿ ಗಾಡಿ, ಅದಕ್ಕೂ ಎರಡು ಕ್ಲಚ್. ಮೊದಲು ಹೀಗಿರಲಿಲ್ಲ. ಈಗ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೆ ಹೊರಡುವಾಗ ನಡುಗುತ್ತದೆ, ಎರಡು ಸಲ ಗೇರ್ ಲೈಟ್ ಕೂಡ ಬಂತು. ಇದೂ ಗುಣವಾ?

ಉತ್ತರ:
ಅಲ್ಲ ಸರ್, ಇದು ದೋಷ. ಮೊದಲ ದಿನದಿಂದ ಒಂದೇ ಥರ ಇದ್ದರೆ ಗುಣ ಅನ್ನಬಹುದಿತ್ತು. ನಿಮ್ಮದು ಹೊಸದಾಗಿ ಶುರುವಾಗಿದೆ, ಜಾಸ್ತಿ ಆಗುತ್ತಿದೆ, ಲೈಟ್ ಬೇರೆ ಬಂದಿದೆ. ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಇರುವ ಗಾಡಿಗೆ ತೆವಳುವ ಟ್ರಾಫಿಕ್ ಅಂದರೆ ಆಗದು. ಲೈಟ್ ಆರಿದ್ದರೂ ಏನು ದೋಷ ಅಂತ ಗಾಡಿಯ ಕಂಪ್ಯೂಟರ್ ಬರೆದಿಟ್ಟ ಕೋಡ್ ಒಳಗೆ ಉಳಿದಿರುತ್ತದೆ, ಸ್ಕ್ಯಾನ್ ಮಾಡಿಸಿ. ‘ಕ್ಲಿಯರ್ ಮಾಡಿ ಕೊಡ್ತೀವಿ’ ಅಂದರೆ ಒಪ್ಪಬೇಡಿ, ಮೊದಲು ಕೋಡ್‌ನ ಫೋಟೋ ತೆಗೆದುಕೊಳ್ಳಿ. ವಾರಂಟಿ ಇದ್ದರೆ ಜಾಬ್ ಕಾರ್ಡ್‌ನಲ್ಲಿ ದೂರು ಬರೆಸದೆ ಬರಬೇಡಿ.

ಪ್ರಶ್ನೆ (ಗುಬ್ಬಿಯಿಂದ):
ಪವರ್ ಪೆಟ್ರೋಲ್ ಹಾಕಿಸಲೇಬೇಕಾ?

ಉತ್ತರ:
ಪೆಟ್ರೋಲ್ ಮುಚ್ಚಳದ ಒಳಗೆ ಎಷ್ಟು ಆಕ್ಟೇನ್ (ಪೆಟ್ರೋಲ್ ಸ್ಪಾರ್ಕ್‌ಗೆ ಮೊದಲೇ ತಾನಾಗಿ ಸಿಡಿಯದಂತೆ ತಡೆಯುವ ಗುಣದ ಅಂಕಿ) ಅಂತ ಬರೆದಿರುತ್ತದೆ, ಅಷ್ಟು ಹಾಕಿಸಿ. ಕಡಿಮೆ ಹಾಕಿಸಿದರೆ ಸೆನ್ಸರ್ ಗುರುತಿಸುತ್ತದೆ, ಇಂಜಿನ್ ಸ್ಪಾರ್ಕ್ ತಡ ಮಾಡುತ್ತದೆ, ಪಿಕಪ್ ಕಡಿಮೆ ಆಗುತ್ತದೆ. ದುಡ್ಡು ಕೊಟ್ಟು ಕೊಂಡ ಬಲವನ್ನು ಬಂಕ್‌ನಲ್ಲಿ ಬಿಟ್ಟು ಬಂದಂತೆ. ಬೇಕಾದ್ದಕ್ಕಿಂತ ಜಾಸ್ತಿ ಹಾಕಿಸಿ ಲಾಭವೂ ಇಲ್ಲ.

ಕ್ಯಾತ್ಸಂದ್ರದ ಸದಸ್ಯರು:
ಕೊನೆಯದು ಅಣ್ಣ. ಭಾನುವಾರ ದೇವರಾಯನದುರ್ಗ ಹತ್ತಿಸೋಣ ಅಂತ. ಈಗ 700 ಕಿ.ಮೀ. ಆಗಿದೆ.

ಉತ್ತರ:
ಧಾರಾಳವಾಗಿ ಹೋಗಿ, ದೇವರ ದರ್ಶನದ ವೇಗದಲ್ಲಿ. ರಸ್ತೆ ಕಿರಿದು, ತಿರುವಿನಲ್ಲಿ ಕೋತಿ ಕೂತಿರುತ್ತವೆ, ಎದುರಿಂದ ಬೈಕ್ ಗುಂಪು ಬರುತ್ತದೆ. ಇಳಿಯುವಾಗ ಪ್ಯಾಡಲ್‌ನಿಂದ 2ಕ್ಕೆ ಇಳಿಸಿ, ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬರಬೇಡಿ. ಕೆಳಗೆ ಬಂದ ತಕ್ಷಣ ಚಕ್ರಕ್ಕೆ ತಣ್ಣೀರು ಹೊಡೆಸಬೇಡಿ, ಕಾದ ಡಿಸ್ಕ್ ಬಾಗಬಹುದು. ಹೊರಡುವ ಮುಂಚೆ ನಾಲ್ಕೂ ಟೈರ್‌ನ ಬದಿಯಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ 4 ಅಂಕಿಯ ಫೋಟೋ ಇಲ್ಲಿ ಹಾಕಿ. 1125 ಅಂತಿದ್ದರೆ 2025ರ 11ನೇ ವಾರ ತಯಾರಾಗಿದ್ದು. ಹೊರದೇಶದಿಂದ ಹಡಗಿನಲ್ಲಿ ಬಂದ ಗಾಡಿ, ಎಷ್ಟು ದಿನ ನಿಂತಿತ್ತೋ ನೋಡೋಣ.