ಕೌನ್ಸೆಲಿಂಗ್ ಜೊತೆಗೆ ಆ್ಯಪ್ ಬಳಸಬಹುದಾ?

ತುಮಕೂರಿನವಳು:
ನಾಲ್ಕು ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ಕೌನ್ಸೆಲಿಂಗ್‌ಗೆ ಅಂತ ಬೆಂಗಳೂರಿಗೆ ಹೋಗುತ್ತಿದ್ದೇನೆ. ಎದುರು ಕೂತು ಮಾತಾಡಿದರೆ ಮನಸ್ಸು ಹಗುರವಾಗುತ್ತದೆ. ಆದರೆ ನಡುವಿನ ದಿನಗಳು ಕಷ್ಟ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದೆ ಡವಡವ ಅನ್ನುತ್ತದೆ. ಆಮೇಲೆ ಮೇಡಂ "ಹೇಗಿದ್ರಿ?" ಅಂತ ಕೇಳುವ ಹೊತ್ತಿಗೆ ಏನೂ ನೆನಪಾಗುವುದಿಲ್ಲ, ಸುಮ್ನೆ "ಪರವಾಗಿಲ್ಲ" ಅಂದುಬಿಡುತ್ತೇನೆ. ಮೂಡ್ ಬರೆದಿಡುವ ಆ್ಯಪ್, ಚಾಟ್‌ಬಾಟ್ ಎಲ್ಲ ಇವೆಯಲ್ಲ, ಬಳಸಿದರೆ ಮೇಡಂಗೆ ಬೇಜಾರಾಗುತ್ತಾ?

ಸಂಜೆ ನಡಿಗೆ:
ನಾನು ಎರಡು ವರ್ಷ ಹೀಗೇ ಮಾಡಿದ್ದೇನೆ. ಪಿಎಚ್‌ಕ್ಯೂ-9 ಅಂತ ಖಿನ್ನತೆ ಅಳೆಯುವ ಪ್ರಶ್ನಾವಳಿ ಇದೆ. ಹಿಂದಿನ ಎರಡು ವಾರ ಹೇಗಿತ್ತು ಅಂತ ಒಂಬತ್ತು ಪ್ರಶ್ನೆ, ಒಟ್ಟು 0ಯಿಂದ 27ರವರೆಗೆ ಅಂಕ, ಜಾಸ್ತಿ ಬಂದಷ್ಟೂ ಕುಗ್ಗಿದ್ದೀವಿ ಅಂತ. ಸೆಷನ್‌ಗೆ ಹೋಗುವ ಹಿಂದಿನ ದಿನ ಫೋನ್‌ನಲ್ಲಿ ತುಂಬುತ್ತಿದ್ದೆ. ಒಂದು ಸಲ 9 ಇದ್ದದ್ದು 16 ಆಗಿತ್ತು. ನಾನು ಚೆನ್ನಾಗೇ ಇದ್ದೀನಿ ಅಂದುಕೊಂಡಿದ್ದೆ! ಡಾಕ್ಟರ್ ಅದನ್ನು ನೋಡಿ "ಈ ನಡುವೆ ಏನಾಯ್ತು?" ಅಂದರು. ಅಪ್ಪನ ತಿಥಿ ಬಂದಿತ್ತು. ಅವತ್ತೇ ಮೊದಲ ಸಲ ಅವರ ಎದುರು ಅತ್ತೆ.

ಕೌನ್ಸೆಲರ್ ಒಬ್ಬರು:
ಬೇಜಾರಾಗಲ್ಲಮ್ಮ, ಧೈರ್ಯವಾಗಿ ಹೇಳಿ. ಏನಾಯಿತು, ಆಗ ಮನಸ್ಸಿಗೆ ಏನು ಬಂತು, ಎಷ್ಟು ಭಯವಾಯಿತು ಅಂತ ನಾವು ಮೊದಲಿಂದಲೂ ಹಾಳೆಯಲ್ಲಿ ಬರೆಸುತ್ತಿದ್ದೆವು, ಈಗ ಅದೇ ಫೋನ್‌ಗೆ ಬಂದಿದೆ. ಬರೆದದ್ದನ್ನು ಸೆಷನ್‌ಗೆ ತನ್ನಿ, ಅಷ್ಟೇ. ಚಾಟ್‌ಬಾಟ್ ವಿಷಯದಲ್ಲಿ ಮಾತ್ರ ಹುಷಾರು. ನೀವು "ಪರವಾಗಿಲ್ಲ" ಅನ್ನುವಾಗ ಕಣ್ಣು ತುಂಬಿದ್ದು ಟೈಪ್ ಮಾಡಿದ ಮಾತಲ್ಲಿ ಕಾಣುವುದಿಲ್ಲ. ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾಯುವ ಯೋಚನೆ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಮುಂದಿನ ಸೆಷನ್‌ವರೆಗೆ ಕಾಯಬೇಡಿ. ರಾತ್ರಿ ಎರಡಾದರೂ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಸನ ಹುಡುಗ:
ಆ್ಯಪ್‌ಗೆ ಬೇರೆ ಪಾಸ್‌ವರ್ಡ್ ಹಾಕಿ, ಮನೆಯಲ್ಲಿ ಫೋನ್ ಎಲ್ಲರ ಕೈಗೂ ಹೋಗುತ್ತದೆ ಅಲ್ವಾ. ಇನ್ನೊಂದು, ನನ್ನ ಆ್ಯಪ್‌ನಲ್ಲಿ ಐದು ಇಂಗ್ಲಿಷ್ ಪದದಲ್ಲಿ ಒಂದನ್ನು ಆರಿಸಬೇಕಿತ್ತು. ನನಗೆ ಆಗುತ್ತಿದ್ದದ್ದು ಹೊಟ್ಟೆಯೊಳಗೆ ಸಂಕಟ, ಅದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಕೊನೆಗೆ ಆ್ಯಪ್ ಬಿಟ್ಟು ನೋಟ್ಸ್‌ನಲ್ಲಿ ಕನ್ನಡದಲ್ಲೇ ಬರೆದೆ. ಅದನ್ನೇ ಓದಿ ಹೇಳುತ್ತೇನೆ.

ತುಮಕೂರಿನವಳು:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಸೆಷನ್ ಇದೆ. ಇವತ್ತು ರಾತ್ರಿಯಿಂದಲೇ ಕನ್ನಡದಲ್ಲಿ ಬರೆಯುತ್ತೇನೆ. ಓದುವಾಗ ಗಂಟಲು ಕಟ್ಟಿದರೆ ಫೋನನ್ನೇ ಮೇಡಂ ಕೈಗೆ ಕೊಡುತ್ತೇನೆ.