ಕ್ಯೂರಿಂಗ್ ಗೋದಾಮಿಗೆ ಇಯುಡಿಆರ್ ಸಾಫ್ಟ್‌ವೇರ್: ಏನು ನೋಡಿ ಆರಿಸೋದು?

ಕೂಡ್ಲೂರು_ಲೆಕ್ಕ

ಕುಶಾಲನಗರ ಕಡೆಯ ಮಧ್ಯಮ ಗಾತ್ರದ ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಒಣ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಘಟಕ ಒಂದಕ್ಕೆ ಸಾಫ್ಟ್‌ವೇರ್ ಆರಿಸಬೇಕಿದೆ. ಇಯುಡಿಆರ್ ಅಂದರೆ 2020ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಮಾಲನ್ನು ತಡೆಯುವ ಯುರೋಪಿನ ಕಾನೂನು, ಮಾಲು ಯಾವ ತೋಟದ್ದು ಅಂತ ತೋರಿಸಬೇಕು. ನಮ್ಮಲ್ಲಿ ಸುಮಾರು 600 ಬೆಳೆಗಾರರು. ಬಹುಪಾಲು 2ರಿಂದ 8 ಎಕರೆಯವರು, ಮೂವತ್ತು ನಲವತ್ತು ಜನರದ್ದು ಮಾತ್ರ 10 ಎಕರೆ ದಾಟುತ್ತದೆ. ಹಣ್ಣಾಗಿಯೇ ಒಣಗಿಸಿದ ರೊಬಸ್ಟಾ ಚೆರಿಯೇ ಹೆಚ್ಚು, ತಿರುಳು ತೆಗೆದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟ್ ಸ್ವಲ್ಪ. ಅರ್ಧದಷ್ಟು ಮಾಲು ಬೆಳೆಗಾರರಿಂದ ನೇರ, ಉಳಿದದ್ದು ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ವ್ಯಾಪಾರಿಗಳಿಂದ.

ಮೂರು ಕಂಪನಿಯವರು ಡೆಮೊ ಕೊಟ್ಟಿದ್ದಾರೆ. ಒಂದರಲ್ಲಿ ಉಪಗ್ರಹ ನಕ್ಷೆ ಬಹಳ ಚೆಂದ. ಇನ್ನೊಂದು, ಈ ಕಾನೂನಿನ ಹೇಳಿಕೆ ಸಲ್ಲಿಸುವ ಯುರೋಪಿನ ಟ್ರೇಸಸ್ ವ್ಯವಸ್ಥೆಗೆ ನೇರ ಜೋಡಣೆ ಅನ್ನುತ್ತದೆ. ಮೂರನೆಯದು ಬ್ಲಾಕ್‌ಚೈನ್. ಇಟಲಿಯ ಖರೀದಿದಾರರು ಕೇಳಿರುವುದು ತೋಟದ ಜಾಗ ತೋರಿಸುವ ಜಿಯೊಜೆಸನ್ ಫೈಲ್ ಮತ್ತು ಕಾನೂನುಬದ್ಧ ಬೆಳೆ ಅನ್ನೋದಕ್ಕೆ ದಾಖಲೆ, ಅಷ್ಟೇ. ಭಾರತ ಕಡಿಮೆ ಅಪಾಯದ ಪಟ್ಟಿಯಲ್ಲಿದೆ, ಗಡುವೂ ಮುಂದೆ ಹೋಗಿದೆ. ಹಾಗಿದ್ದ ಮೇಲೆ ಇಷ್ಟೆಲ್ಲ ಬೇಕಾ? ಎಕ್ಸೆಲ್ ಮತ್ತು ಉಚಿತ ಆ್ಯಪ್‌ಗಳಲ್ಲೇ ಮುಗಿಯುತ್ತಾ?

ತೂಕದಮನೆ

ಮೊದಲು ಕಾನೂನಿನ ಎರಡು ಮಾತು, ಅದರ ಮೇಲೇ ಖರ್ಚು ನಿಂತಿದೆ. ದೊಡ್ಡ ಮತ್ತು ಮಧ್ಯಮ ಆಮದುದಾರರಿಗೆ 2026ರ ಡಿಸೆಂಬರ್ 30, ಕಿರು ಮತ್ತು ಸಣ್ಣವರಿಗೆ 2027ರ ಜೂನ್ 30. ಗಡುವು ಸರಿದಿದೆ, ಕಾಡಿನ ಕಟ್‌ಆಫ್ ದಿನ ಸರಿದಿಲ್ಲ. ಅದು 2020ರ ಡಿಸೆಂಬರ್ 31ರಲ್ಲೇ ಇದೆ. 2025ರ ಮೇ ತಿಂಗಳಲ್ಲಿ ಭಾರತ ಕಡಿಮೆ ಅಪಾಯದ ದೇಶವಾಯಿತು ನಿಜ. ಆಮದುದಾರರಿಗೆ ಅಪಾಯ ವಿಶ್ಲೇಷಣೆ ಮತ್ತು ಅದರ ಪರಿಹಾರದ ಹಂತ ತಪ್ಪಿತು, ಅಲ್ಲಿನ ಅಧಿಕಾರಿಗಳ ತಪಾಸಣೆ 1 ಶೇಕಡಾಕ್ಕೆ ಇಳಿಯಿತು. ತೋಟದ ಜಾಗ, ಪ್ರಮಾಣ, ಕಾನೂನುಬದ್ಧತೆಯ ದಾಖಲೆ ಮಾತ್ರ ಕೊಡಲೇಬೇಕು.

ಇನ್ನು ಟ್ರೇಸಸ್ ಜೋಡಣೆ. ಡ್ಯೂ ಡಿಲಿಜೆನ್ಸ್ ಹೇಳಿಕೆ, ಅಂದರೆ ಮಾಲು ಈ ಕಾನೂನಿಗೆ ತಕ್ಕದ್ದು ಎಂಬ ಘೋಷಣೆ ಸಲ್ಲಿಸುವುದು ಮಾಲನ್ನು ಯುರೋಪಿನ ಮಾರುಕಟ್ಟೆಗೆ ಇಳಿಸುವವರು, ಅಂದರೆ ನಿಮ್ಮ ಇಟಲಿಯವರು. ಅಲ್ಲಿ ನಿಮ್ಮದೇ ಕಂಪನಿ ಇಲ್ಲದಿದ್ದರೆ ಆ ಮಾಡ್ಯೂಲಿಗೆ ದುಡ್ಡು ಹಾಕಬೇಡಿ. ಬ್ಲಾಕ್‌ಚೈನ್ ವಿಷಯಕ್ಕೆ ಒಂದೇ ಮಾತು: ತೂಕದ ಚೀಟಿಯಲ್ಲಿ ತಪ್ಪು ಹೆಸರು ಬರೆದರೆ ಆ ತಪ್ಪನ್ನೇ ಅದು ಭದ್ರವಾಗಿ ಕಾಯುತ್ತದೆ.

ಸಾಫ್ಟ್‌ವೇರಿನ ಯೋಗ್ಯತೆ ಗೊತ್ತಾಗುವುದು ನಕ್ಷೆಯಲ್ಲಲ್ಲ, ಗೋದಾಮಿನಲ್ಲಿ. ಲೆಕ್ಕ ನೋಡಿ. 20 ಅಡಿ ಕಂಟೇನರಿಗೆ 60 ಕೆ.ಜಿ.ಯ 320 ಚೀಲ, 19,200 ಕೆ.ಜಿ. ಔಟ್‌ಟರ್ನ್ 26, ಅಂದರೆ 50 ಕೆ.ಜಿ. ಚೆರಿಗೆ 26 ಕೆ.ಜಿ. ಕ್ಲೀನ್ ಕಾಫಿ ಅಂದುಕೊಂಡರೆ 50 ಕೆ.ಜಿ.ಯ ಸುಮಾರು 740 ಚೀಲ ಚೆರಿ, ಅದೂ ಎಲ್ಲ ಗ್ರೇಡೂ ಅದೇ ಕಂಟೇನರಿಗೆ ಹೋದರೆ. ಬರೀ ಎಬಿ ಗ್ರೇಡ್ ಬೇಕೆಂದರೆ ಇನ್ನೂ ಹೆಚ್ಚು ಜನರ ಮಾಲು ಸೇರಬೇಕು. ಒಬ್ಬರ ಚೆರಿ ಸಿಪ್ಪೆ ತೆಗೆಯುವ ಹಲ್ಲರ್‌ಗೆ ಹೋಗಿ ಎಬಿ, ಪಿಬಿ, ಸಿ, ಬಿಟ್ಸ್ ಗ್ರೇಡುಗಳಾಗಿ ನಾಲ್ಕು ದಾರಿ ಹಿಡಿಯುತ್ತದೆ. ಎಬಿಯ ಮೂಲವನ್ನು ಎಲ್ಲರೂ ಬರೆದಿಡುತ್ತಾರೆ. ಉಳಿದ ಅರ್ಧ ಚೀಲ ಪಿಬಿಯನ್ನು ನಾಲ್ಕು ಲಾಟಿನಿಂದ ಕೂಡಿಸಿ ಚೀಲ ತುಂಬಿಸುತ್ತಾರಲ್ಲ, ಮೂಲ ಕಳೆದುಹೋಗುವುದು ಅಲ್ಲೇ. ಮೂಲ ಗೊತ್ತಿಲ್ಲದ ಮಾಲಿನ ಜತೆ ಬೆರೆಸಿ ಕೊನೆಗೆ ತೂಕ ಸರಿದೂಗಿಸುವುದನ್ನು ಈ ಕಾನೂನು ಒಪ್ಪುವುದಿಲ್ಲ.

ಡೆಮೊಗೆ ಬಂದವರ ಮುಂದೆ ಈ ಪರೀಕ್ಷೆ ಇಡಿ, ಅವರ ಸಿದ್ಧ ಡೇಟಾ ಬೇಡ. ಮೂವರು ಬೆಳೆಗಾರರು: 50 ಕೆ.ಜಿ.ಯ 100, 60, 40 ಚೀಲ ಚೆರಿ. ಔಟ್‌ಟರ್ನ್ ಕ್ರಮವಾಗಿ 26, 27, 25. ಒಟ್ಟು 5,220 ಕೆ.ಜಿ. ಕ್ಲೀನ್ ಬರಬೇಕು. ಮೂರನ್ನೂ ಬೆರೆಸಿ ಹಲ್ ಮಾಡಿ 60 ಕೆ.ಜಿ.ಯ 50 ಚೀಲ ಎಬಿ ತೆಗೆದು, ಉಳಿದ 2,220 ಕೆ.ಜಿ.ಯಲ್ಲಿನ ಪಿಬಿಯನ್ನು ಬೇರೆ ಲಾಟಿನ ಪಿಬಿ ಜತೆ ಸೇರಿಸಿ ಅನ್ನಿ. ಆಮೇಲೆ 40 ಚೀಲದವರ ತೋಟವನ್ನು "ಅನುಮಾನ" ಎಂದು ಬದಲಿಸಿ. ಎಬಿಯ 50 ಚೀಲವೂ, ಆ ಪಿಬಿ ಲಾಟೂ ಎರಡೂ ಕೆಂಪಾಗಬೇಕು. ಅನೇಕ ಸಾಫ್ಟ್‌ವೇರ್‌ಗಳಲ್ಲಿ ಎಬಿ ಮಾತ್ರ ಕೆಂಪಾಗುತ್ತದೆ, ಯಾಕೆಂದರೆ ಅವು ಒಂದು ಲಾಟಿಗೆ ಒಂದೇ ತಾಯಿ ಲಾಟು ಇಟ್ಟುಕೊಳ್ಳುತ್ತವೆ. ಇನ್ನೊಂದು ದೋಷ, ಎಲ್ಲರಿಗೂ ಒಂದೇ ಔಟ್‌ಟರ್ನ್ ಹಾಕುವುದು. ಪಾರ್ಚ್‌ಮೆಂಟ್ 50 ಕೆ.ಜಿ.ಗೆ 40ರ ಹತ್ತಿರ ಬರುತ್ತದೆ, ರೊಬಸ್ಟಾ ಚೆರಿ 26ರ ಆಸುಪಾಸು. ಎರಡಕ್ಕೂ ಒಂದೇ ಅಂಕಿ ಹಾಕಿದರೆ ಮಾರ್ಚ್ ಹೊತ್ತಿಗೆ ದಾಸ್ತಾನು ಮೈನಸ್ ತೋರಿಸುತ್ತದೆ.

ನಕ್ಷೆಗಾರ_ಪೊನ್ನಂಪೇಟೆ

ಮೇಲಿನದು ಸರಿ. ನಕ್ಷೆಯ ಕಡೆ ದುಡ್ಡು ಉಳಿಸಬಹುದು, ಶ್ರಮ ಉಳಿಯಲ್ಲ.

ನಿಯಮದ ಪ್ರಕಾರ 4 ಹೆಕ್ಟೇರ್ ಮೀರಿದ, ಅಂದರೆ ಸುಮಾರು 9.9 ಎಕರೆ ದಾಟಿದ ತೋಟಕ್ಕೆ ಪಾಲಿಗಾನ್, ಅಂದರೆ ಸುತ್ತ ಗಡಿಯ ಗೆರೆ ಬೇಕು. ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. ಆದರೂ ಕೊಡಗಿನಲ್ಲಿ ಬಿಂದು ಬೇಡ ಅಂತೀನಿ. ಪರಿಶೀಲಿಸುವ ಸಾಫ್ಟ್‌ವೇರ್ ಬಿಂದುವಿನ ಸುತ್ತ ವಿಸ್ತೀರ್ಣಕ್ಕೆ ತಕ್ಕ ವೃತ್ತ ಎಳೆಯುತ್ತದೆ. ವಿಸ್ತೀರ್ಣ ಬರೆಯದಿದ್ದರೆ 4 ಹೆಕ್ಟೇರ್ ಅಂತಲೇ ಹಿಡಿಯುತ್ತದೆ, ಆ ವೃತ್ತದ ತ್ರಿಜ್ಯ 113 ಮೀಟರ್. 2 ಎಕರೆ ತೋಟದ ಅಂಚಿನಲ್ಲಿ ನಿಂತು ಬಿಂದು ಒತ್ತಿದರೆ ವೃತ್ತ ಪಕ್ಕದ ದೇವರಕಾಡಿಗೋ ಮೀಸಲು ಅರಣ್ಯಕ್ಕೋ ಹೋಗಿ ಕೂರುತ್ತದೆ. ಆಮೇಲೆ ಮೇಲ್ ಮೇಲೆ ಮೇಲ್.

ತೋಟದಲ್ಲಿ ಮಾಹಿತಿ ತೆಗೆಯಲು ಕೋಬೊ ಕಲೆಕ್ಟ್ ಎಂಬ ಫೋನ್ ಆ್ಯಪ್ ಸಾಕು. ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ, ಭಾಗಮಂಡಲ ಕಡೆಗೆ ಅದು ಮುಖ್ಯ. ಅದರಲ್ಲಿ ಗಡಿ ದಾಖಲಿಸುವ ಜಿಯೊಶೇಪ್ ಪ್ರಶ್ನೆ ಇಟ್ಟು ಬೇಲಿ ಸುತ್ತಿ ನಡೆಯಿರಿ. ಸಿಲ್ವರ್ ಓಕ್ ದಟ್ಟವಾಗಿರುವ ಕಡೆ ಫೋನಿನ ಜಿಪಿಎಸ್ 10-15 ಮೀಟರ್ ಹಾರುತ್ತದೆ. ತಿರುವಿನಲ್ಲಿ ಅರ್ಧ ನಿಮಿಷ ನಿಂತು, ನಿಖರತೆ 5 ಮೀಟರಿಗೆ ಇಳಿದ ಮೇಲೆ ಬಿಂದು ಒತ್ತಿ. ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಸಿ. ಜೂನ್‌ನಲ್ಲಿ ಹೋದರೆ ಅರ್ಧ ಸಮಯ ಜಿಗಣೆ ಕೀಳೋದರಲ್ಲೇ ಹೋಗುತ್ತದೆ.

ಫೈಲ್ ತಿರಸ್ಕಾರ ಆಗುವುದು ಬಹುಪಾಲು ಈ ಕಾರಣಗಳಿಗೆ. ಕೋಬೊ ಮೊದಲು ಅಕ್ಷಾಂಶ ಬರೆಯುತ್ತದೆ, ಜಿಯೊಜೆಸನ್‌ನಲ್ಲಿ ಮೊದಲು ರೇಖಾಂಶ ಬರಬೇಕು. ಮಡಿಕೇರಿ 12.42 ಉತ್ತರ, 75.74 ಪೂರ್ವ. ಅದಲುಬದಲಾದರೆ ತೋಟ ಸ್ವಾಲ್‌ಬಾರ್ಡ್ ಹತ್ತಿರದ ಸಮುದ್ರದಲ್ಲಿ ತೇಲುತ್ತದೆ. ದಶಮಾಂಶದ ನಂತರ ಕನಿಷ್ಠ ಆರು ಅಂಕಿ ಬೇಕು, ಎಕ್ಸೆಲ್ 75.738400 ಅನ್ನು 75.7384 ಮಾಡಿ ಸೊನ್ನೆ ತಿಂದುಬಿಡುತ್ತದೆ. ಹಾಗಾಗಿ ಆ ಕಾಲಮ್ಮನ್ನು ಪಠ್ಯವಾಗಿ ಇಡಿ, ಇಲ್ಲವೇ ಎಕ್ಸೆಲ್ ಮುಟ್ಟಿಸಲೇಬೇಡಿ. ಪಾಲಿಗಾನಿನ ಮೊದಲ ಬಿಂದುವೂ ಕೊನೆಯ ಬಿಂದುವೂ ಒಂದೇ ಆಗಿರಬೇಕು. ನಡೆಯುವಾಗ ಹಿಂದೆ ಮುಂದೆ ಆಗಿ ಗೆರೆ ತನ್ನನ್ನೇ ದಾಟಿದರೆ ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ಸಾಫ್ಟ್‌ವೇರಿನ "ಫಿಕ್ಸ್ ಜಾಮೆಟ್ರೀಸ್" ಓಡಿಸಿ, ಮತ್ತೆ ಕಣ್ಣಲ್ಲೂ ನೋಡಿ, ಯಾಕೆಂದರೆ ಅದು ಕೆಲವೊಮ್ಮೆ ತೋಟದ ಒಂದು ಮೂಲೆಯನ್ನೇ ಕತ್ತರಿಸಿಬಿಡುತ್ತದೆ. ಟ್ರೇಸಸ್‌ನಲ್ಲಿ ಫೈಲಿನ ಮಿತಿ 25 ಎಂಬಿ.

ಕಾಡಿನ ಪರಿಶೀಲನೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ವಿಸ್ಪ್ ಎಂಬ ಸಾಧನ ಉಚಿತ. ಹಲವು ನಕ್ಷೆಗಳನ್ನು ಒಟ್ಟಿಗೆ ನೋಡುತ್ತದೆ.

ಕೂಡ್ಲೂರು_ಲೆಕ್ಕ

ಇಬ್ಬರಿಗೂ ಧನ್ಯವಾದ. ಒಂದು ಡೆಮೊದಲ್ಲಿ ನಮ್ಮ ಕಡೆಯ ತೋಟಗಳೆಲ್ಲ 2020ರಲ್ಲಿ "ಕಾಡು" ಅಂತ ಹಸಿರು ಬಂತು, ಕೆಲವಕ್ಕೆ ಕೆಂಪು ಚುಕ್ಕೆಯೂ ಇತ್ತು. ಅದಕ್ಕೇನು ಮಾಡೋದು? ಕೊಡಗಿನ ಮನೆತನದ ಹೆಸರಲ್ಲಿ ಬರುವ ಜಮ್ಮಾ ಜಾಗದ ಪಹಣಿಯಲ್ಲಿ ಮಾರುವವರ ಹೆಸರೇ ಇರಲ್ಲ, ಅದಕ್ಕೆ?

ನಕ್ಷೆಗಾರ_ಪೊನ್ನಂಪೇಟೆ

ಹಸಿರಿಗೆ ಹೆದರಬೇಡಿ. ಯುರೋಪಿನ ಜಂಟಿ ಸಂಶೋಧನಾ ಕೇಂದ್ರದ 2020ರ ನಕ್ಷೆ 10 ಮೀಟರ್ ಚೌಕದ್ದು, ಅದಕ್ಕೆ ಕಾಣುವುದು ಮೇಲಿನ ಮರದ ತಲೆ, ಕೆಳಗಿನ ಕಾಫಿ ಗಿಡ ಅಲ್ಲ. ಆ ನಕ್ಷೆಗೆ ಕಾನೂನಿನ ಬಲವೂ ಇಲ್ಲ. ಕಾನೂನಿನ ವ್ಯಾಖ್ಯೆಯಲ್ಲಿ ಕಾಡು ಅಂದರೆ ಅರ್ಧ ಹೆಕ್ಟೇರ್ ಮೀರಿದ ಜಾಗ, 5 ಮೀಟರ್ ಮೀರಿದ ಮರ, 10 ಶೇಕಡಾ ಮೀರಿದ ನೆರಳು. ಆದರೆ ಮುಖ್ಯವಾಗಿ ಕೃಷಿಗೆ ಬಳಕೆಯಾಗುವ ಭೂಮಿ ಇದರ ಹೊರಗೆ. ಮರದ ನೆರಳಿನ ಬೆಳೆಯೂ ಕೃಷಿಯೇ.

ತೊಂದರೆ ಕೊಡುವುದು "2020ರಲ್ಲಿ ಕಾಡು" ಮತ್ತು "2020ರ ನಂತರ ಮರ ನಷ್ಟ" ಎರಡೂ ಒಂದೇ ಚೌಕದಲ್ಲಿ ಬಂದಾಗ. ಇಲ್ಲಿ ಅದು ಬಹುಪಾಲು ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಸಿಲ್ವರ್ ಓಕ್ ಕಟಾವು, ಇಲ್ಲವೇ ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ ಬ್ಲಾಕು. 2018ರ ಭೂಕುಸಿತದ ಗಾಯಗಳೂ ಕೆಂಪಾಗಿ ಕಾಣುತ್ತವೆ, ಅವು ಕಟ್‌ಆಫ್‌ಗಿಂತ ಹಿಂದಿನವು, ವರ್ಷ ತೋರಿಸಿದರೆ ಮುಗಿಯಿತು. ಉಳಿದದ್ದಕ್ಕೆ ಪ್ಲಾಟ್ ಪ್ರಕಾರ ಒಂದು ಕಡತ: 2020ಕ್ಕಿಂತ ಹಿಂದಿನ ಪಹಣಿಯ ಬೆಳೆ ಕಾಲಮ್ಮು, ಕಾಫಿ ಮಂಡಳಿ ನೋಂದಣಿ, ಮರ ಕಡಿದ ಅನುಮತಿ, ಗೂಗಲ್ ಅರ್ತ್‌ನ ಹಳೆಯ ಚಿತ್ರ, ದಿನಾಂಕ ಮತ್ತು ಜಾಗ ಇರುವ ಫೋಟೊ. ಸಾಫ್ಟ್‌ವೇರ್‌ನಲ್ಲಿ "ತಪ್ಪು ಕೆಂಪು" ಅಂತ ಗುರುತಿಸಿ ಈ ಕಡತ ಲಗತ್ತಿಸುವ ಜಾಗ ಇದೆಯಾ ಕೇಳಿ. ಕೆಂಪು ಬಂದ ಪ್ಲಾಟನ್ನು ತಾನಾಗಿಯೇ ಲಾಟಿನಿಂದ ತೆಗೆದುಹಾಕುವ ಸಾಫ್ಟ್‌ವೇರ್ ಕೊಡಗಿಗೆ ಆಗಿಬರಲ್ಲ.

ಬಾಣೆಬದಿ

ಜಮ್ಮಾ ಪ್ರಶ್ನೆಗೆ ಉತ್ತರ. ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ ಹಿರಿಯರಾದ ಪಟ್ಟೆದಾರರ ಹೆಸರು, ತೂಕದ ಚೀಟಿಯಲ್ಲಿ ಅವರ ತಮ್ಮನ ಮಗನ ಹೆಸರು. "ಬೆಳೆಗಾರ" ಎಂಬ ಒಂದೇ ಅಂಕಣ ಇರುವ ಸಾಫ್ಟ್‌ವೇರ್‌ನಲ್ಲಿ ಇದು ಕೂರುವುದಿಲ್ಲ. ದಾಖಲೆಯ ಹೆಸರು, ಸಾಗು ಮಾಡುವವರು, ಮಾರುವವರು ಹೀಗೆ ಮೂರು ಬೇರೆ ಬೇರೆ ಬೇಕು, ನಡುವೆ ವಂಶವೃಕ್ಷವೋ ಪಾಲುಪಟ್ಟಿಯೋ ಲಗತ್ತಾಗಬೇಕು.

ದಿಶಾಂಕ್ ಆ್ಯಪ್‌ನಲ್ಲಿ ಕಾಣುವ ಸರ್ವೆ ನಂಬರಿನ ಗಡಿಯನ್ನು ಹಾಗೇ ಪಾಲಿಗಾನ್ ಮಾಡಬೇಡಿ. ಪೋಡಿ ಆಗದ, ಅಂದರೆ ಅಳೆದು ಪಾಲು ಮಾಡದ ನಂಬರಿನಲ್ಲಿ ಐದು ಜನ ಪಾಲುದಾರರಿದ್ದರೆ ಐವರಿಗೂ ಅದೇ ಗಡಿ ಬರುತ್ತದೆ. ಒಂದರ ಮೇಲೊಂದು ಕೂತ ಐದು ಪಾಲಿಗಾನ್ ಖರೀದಿದಾರರ ಕಣ್ಣಿಗೆ ಮೋಸದಂತೆ ಕಾಣುತ್ತದೆ. ಗದ್ದೆ, ಕೆರೆ, ಕಾಫಿ ಇಲ್ಲದ ಬಾಣೆ (ಗದ್ದೆಗೆ ಸೇರಿದ ಎತ್ತರದ ಜಾಗ) ಬಿಟ್ಟು ತೋಟದ ಭಾಗ ಮಾತ್ರ ನಡೆಯಿರಿ.

ಪೈಸಾರಿ, ಅಂದರೆ ಸರ್ಕಾರಿ ಜಾಗದ ಒತ್ತುವರಿಯಲ್ಲಿ ಬೆಳೆದ ಕಾಫಿ ಹಳೆಯ ತೋಟದ್ದೇ ಆದರೂ ಬೇರೆ ಲಾಟು ಮಾಡಿ. ಕಾಡು ಕಡಿದಿಲ್ಲ ಅನ್ನೋದು ಒಂದು ಷರತ್ತು, ಭೂಮಿಯ ಹಕ್ಕು ಇನ್ನೊಂದು. ಎರಡೂ ಬೇಕು. ಇಂಥ ಒಂದು ಪ್ಲಾಟು ಪಟ್ಟಿಯೊಳಗೆ ನುಸುಳಿದರೆ ಇಡೀ ಕಂಟೇನರಿನ ಹೇಳಿಕೆಗೇ ಕುತ್ತು.

ಹೆಸರಿನ ಕಾಗುಣಿತ ನಂಬಬೇಡಿ. ಪಹಣಿಯಲ್ಲಿ ಕನ್ನಡ, ಕಾಫಿ ಮಂಡಳಿಯಲ್ಲಿ ಇಂಗ್ಲಿಷ್, ಬ್ಯಾಂಕಿನಲ್ಲಿ ಇನಿಶಿಯಲ್ ಬೇರೆ, ಒಬ್ಬರೇ ಮೂವರಾಗುತ್ತಾರೆ. ಗ್ರಾಮ, ಸರ್ವೆ ನಂಬರ್, ಹಿಸ್ಸಾ, ಪಾಲಿನ ಕ್ರಮಸಂಖ್ಯೆ ಸೇರಿಸಿ ಪ್ಲಾಟಿನ ಗುರುತು ಮಾಡಿ. ಕಾಫಿ ಮಂಡಳಿಯ ಇಂಡಿಯಾ ಕಾಫಿ ಆ್ಯಪ್‌ನಲ್ಲಿ ಈಗಾಗಲೇ ನೋಂದಾಯಿಸಿದವರಿದ್ದರೆ ಆ ಸಂಖ್ಯೆಗೂ ಒಂದು ಅಂಕಣ ಇಡಿ.

ತೂಕದಮನೆ

ವ್ಯಾಪಾರಿಗಳ ಮಾಲಿನ ಬಗ್ಗೆ ಯಾರೂ ಹೇಳಲಿಲ್ಲ, ನಿಮ್ಮಲ್ಲಿ ಅರ್ಧ ಅದೇ ಇದೆ. ಅವರ ಕಣದಲ್ಲೇ ನಲವತ್ತು ಜನರ ಚೆರಿ ಬೆರೆತು ಬಂದರೆ ನೀವು ಯಾವ ಸಾಫ್ಟ್‌ವೇರ್ ತಂದರೂ ಬಿಡಿಸಲು ಆಗಲ್ಲ. ಆ ನಲವತ್ತೂ ಪ್ಲಾಟುಗಳನ್ನು ಹೇಳಿಕೆಯಲ್ಲಿ ತೋರಿಸಬಹುದು, ಆದರೆ ನಲವತ್ತೂ ಶುದ್ಧ ಇರಬೇಕು. ಹಾಗಾಗಿ ವ್ಯಾಪಾರಿಗೆ ಫೋನಿನಲ್ಲೇ ತೂಕ ನಮೂದಿಸುವ ಲಾಗಿನ್ ಕೊಡುವ ಸಾಫ್ಟ್‌ವೇರ್ ನೋಡಿ, ಕನ್ನಡದಲ್ಲಿ, ಆಫ್‌ಲೈನ್‌ನಲ್ಲಿ. ಅದರ ಜತೆ ಇಳುವರಿ ತಾಳೆಯೂ ಇರಬೇಕು: 3 ಎಕರೆ ಪ್ಲಾಟಿನ ಮೇಲೆ 200 ಚೀಲ ಕೂತರೆ ಆ ಸಂಜೆಯೇ ಎಚ್ಚರಿಸಬೇಕು, ಕಂಟೇನರ್ ಮಂಗಳೂರು ಬಂದರಿಗೆ ಹೋದ ಮೇಲಲ್ಲ. ಬೇರೆಯವರ ಕಾಫಿ ಒಬ್ಬರ ಹೆಸರಲ್ಲಿ ಬರೋದು ಹೀಗೆಯೇ ಸಿಗುತ್ತದೆ.

ಎಕ್ಸೆಲ್ ಸಾಕಾ ಅಂದಿರಿ. 40-50 ಬೆಳೆಗಾರರು, ಬೆರೆಸದ ಲಾಟುಗಳು ಇದ್ದರೆ ಸಾಕು. 600 ಜನಕ್ಕೆ ನಕ್ಷೆ ಭಾಗ ಕೋಬೊ, ಕ್ಯೂಜಿಐಎಸ್, ವಿಸ್ಪ್‌ನಲ್ಲಿ ಮಾಡಿ, ಲಾಟು ಭಾಗ ಮಾತ್ರ ಕೊಳ್ಳಿ. ಕರಾರಿನಲ್ಲಿ ಎರಡು ಸಾಲು ಬರೆಸಿ. ದರ ಪ್ಲಾಟಿಗೋ, ಬಳಕೆದಾರರಿಗೋ, ಟನ್ನಿಗೋ ಅನ್ನುವುದು ಒಂದು. ನಿಮ್ಮಲ್ಲಿ ಪ್ಲಾಟು ಹೆಚ್ಚು, ಟನ್ನು ಕಡಿಮೆ, ಪ್ಲಾಟಿನ ದರ ದುಬಾರಿ ಬೀಳುತ್ತದೆ. ಇನ್ನೊಂದು, ಕರಾರು ಮುಗಿದಾಗ ಪಾಲಿಗಾನ್, ಲಾಟಿನ ಕೊಂಡಿ, ಲಗತ್ತಿಸಿದ ಕಡತ ಎಲ್ಲವೂ ಮೂಲ ರೂಪದಲ್ಲಿ ಕೈಗೆ ಸಿಗಬೇಕು. ಆಮದುದಾರರು ದಾಖಲೆ 5 ವರ್ಷ ಇಡಬೇಕು, ನಾಲ್ಕನೇ ವರ್ಷ ಕೇಳಿದರೆ ಅವರು ಬರುವುದು ನಿಮ್ಮ ಹತ್ತಿರವೇ.

ಈ ಸೀಸನ್ನಿಗೆ ಎಲ್ಲ 600 ಜನರನ್ನೂ ಹಿಡಿಯಬೇಡಿ. 10 ಎಕರೆ ಮೇಲಿನವರು, ನೇರ ತರುವವರು ಮೊದಲು. ಅವರ ಮಾಲಿಗೆ ಗೋದಾಮಿನಲ್ಲಿ ಬೇರೆ ಅಟ್ಟಿ, ಚೀಲಕ್ಕೆ ಬೇರೆ ಬಣ್ಣದ ದಾರ. ಹಲ್ಲರ್ ಓಡಿಸುವವರು ಪರದೆ ನೋಡಲ್ಲ, ದಾರ ನೋಡುತ್ತಾರೆ.