ನಂಟಿನ ‘ವಿಸರ್ಜನೆ’ಯೋ, ‘ಉಳಿವೋ’?

ಕಾಲದೊಂದಿಗೆ ಬದಲಾಗುವ ಜಾಲಗಳ, ಅಂದರೆ ಜನರ ನಡುವಿನ ನಂಟುಗಳ ಹೆಣಿಗೆಯ, ಸಂಖ್ಯಾಶಾಸ್ತ್ರದ ಬಗ್ಗೆ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದದ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕು.

ಸಂಖ್ಯಾಶಾಸ್ತ್ರಜ್ಞರಾದ ಪಾವೆಲ್ ಕ್ರಿವಿಟ್ಸ್ಕಿ ಮತ್ತು ಮಾರ್ಕ್ ಹ್ಯಾಂಡ್‌ಕಾಕ್ 2014ರಲ್ಲಿ ಪ್ರಕಟಿಸಿದ ಮಾದರಿ ಜಾಲದ ಬದಲಾವಣೆಯನ್ನು ಎರಡಾಗಿ ಬಿಡಿಸಿ ನೋಡುತ್ತದೆ. ಸಂಬಂಧವಿಲ್ಲದ ಇಬ್ಬರ ನಡುವೆ ನಂಟು ಹುಟ್ಟುವುದು ಒಂದು. ಆಗಲೇ ಇರುವ ನಂಟು ಮುಂದುವರಿಯುವುದು ಅಥವಾ ಮುರಿಯುವುದು ಇನ್ನೊಂದು. ಬಿಡಿಸಲೇಬೇಕು, ಏಕೆಂದರೆ ತಿಂಗಳಿಗೆ 10 ನಂಟು ಹುಟ್ಟಿ ಸರಾಸರಿ 6 ತಿಂಗಳು ಬಾಳಿದರೂ, 60 ಹುಟ್ಟಿ ಒಂದೇ ತಿಂಗಳು ಬಾಳಿದರೂ, ಯಾವ ದಿನ ಎಣಿಸಿದರೂ ಸಿಗುವುದು ಸುಮಾರು 60. ಆದರೆ ಎಚ್‌ಐವಿಯಂಥ ಸೋಂಕು ಹರಡುವುದಕ್ಕೆ ಇವೆರಡೂ ಒಂದೇ ದಾರಿಯಲ್ಲ. ಒಂದು ದಿನದ ಚಿತ್ರದಲ್ಲಿ ಈ ಭೇದ ಕಾಣುವುದೇ ಇಲ್ಲ.

ಮೊದಲನೆಯದಕ್ಕೆ ‘ಹುಟ್ಟು’ ಸಾಕು. ತೊಡಕಿರುವುದು ಎರಡನೆಯದರಲ್ಲಿ. ಇದಕ್ಕೆ ಇಂಗ್ಲಿಷಿನಲ್ಲಿಟ್ಟ ‘ಡಿಸಲ್ಯೂಶನ್’ ಎಂಬ ಹೆಸರಿಗೆ ‘ವಿಸರ್ಜನೆ’ ಎಂದರೆ ವಿಧಾನಸಭೆ, ಗಣೇಶ ನೆನಪಾಗುತ್ತವೆ. ಯಾರೋ ನಿಶ್ಚಯಿಸಿ ಒಮ್ಮೆಗೇ ಮುಗಿಸುವ ಕ್ರಿಯೆ ಅದು. ‘ಕಡಿತ’ ಎಂದರೆ ವಿದ್ಯುತ್ತು, ಸಂಬಳ.

ಇದಕ್ಕಿಂತ ದೊಡ್ಡ ಆಕ್ಷೇಪ ನನಗಿರುವುದು ಲೆಕ್ಕದ ಕಡೆಯಿಂದ. ಆ ಮಾದರಿಯಲ್ಲಿ ಈ ಭಾಗದ ಗುಣಾಂಕ (ಪರಿಣಾಮ ಯಾವ ಕಡೆಗೆ, ಎಷ್ಟು ಎಂದು ಹೇಳುವ ಅಂಕಿ) ಧನವಾಗಿದ್ದರೆ ನಂಟು ಹೆಚ್ಚು ಕಾಲ ಬಾಳುತ್ತದೆ ಎಂದರ್ಥ. ಹೆಸರು ಮುರಿಯುವುದರದ್ದು, ಅಂಕಿ ಉಳಿಯುವುದರದ್ದು! ವಿದ್ಯಾರ್ಥಿಗಳು ಫಲಿತಾಂಶವನ್ನು ತಲೆಕೆಳಗಾಗಿ ಓದುವುದಕ್ಕೆ ಇಷ್ಟೇ ಸಾಕು. ಇಂಗ್ಲಿಷಿನಲ್ಲಿಯೂ ಈಚೆಗೆ ‘ಪರ್ಸಿಸ್ಟೆನ್ಸ್’ (ಮುಂದುವರಿಯುವಿಕೆ) ಎಂಬ ಹೆಸರು ಬಳಕೆಗೆ ಬಂದಿದೆ. ಹಾಗಿರುವಾಗ ನಾವು ಹಳೆಯ ಗೊಂದಲವನ್ನು ಹೊತ್ತು ತರುವುದೇಕೆ? ‘ಅಳಿವು-ಉಳಿವು’ ಎಂಬ ಜೋಡಿ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ‘ಉಳಿವಿನ ಗುಣಾಂಕ’ ಎಂದರೆ ಹೆಸರೂ ಚಿಹ್ನೆಯೂ ಒಂದೇ ಕಡೆಗೆ ಮುಖ ಮಾಡುತ್ತವೆ. ತಿಂಗಳಿನಿಂದ ತಿಂಗಳಿಗೆ ಉಳಿವಿನ ಸಂಭವನೀಯತೆ 0.9 ಇದ್ದರೆ ಸರಾಸರಿ ಬಾಳಿಕೆ 10 ತಿಂಗಳು. ವಾಕ್ಯ ಕನ್ನಡದಲ್ಲಿ ತಡವರಿಸುವುದಿಲ್ಲ.

ಇಲ್ಲಿ ‘ಬಾಳಿಕೆ’ ಎಂದು ಬೇಕೆಂದೇ ಬರೆದೆ. ‘ಅವಧಿ’ ಎಂದರೆ ಮೊದಲೇ ಗೊತ್ತುಪಡಿಸಿದ ಕಾಲ ಎಂಬ ಭಾವನೆ ಬರುತ್ತದೆ; ನಂಟು ಎಷ್ಟು ದಿನ ಇರುತ್ತದೆಂದು ಯಾರೂ ಗೊತ್ತುಪಡಿಸಿರುವುದಿಲ್ಲ. ಆದರೆ ಬಾಳಿಕೆಯನ್ನು ಬಟ್ಟೆ, ಚಪ್ಪಲಿ, ಮರಮುಟ್ಟುಗಳಿಗೆ ಹೇಳುವುದನ್ನೇ ಹೆಚ್ಚಾಗಿ ಕೇಳಿದ್ದೇನೆ. ನಿಮ್ಮ ಕಡೆ ಸ್ನೇಹಕ್ಕೋ ಸಂಬಂಧಕ್ಕೋ ಅದನ್ನು ಹೇಳುವುದುಂಟೇ? ‘ಉಳಿವು’ ಎಂದಾಗ ಜೀವ ಉಳಿಯುವ ಅರ್ಥವೇ ಮುಂದೆ ಬಂದು ನಿಲ್ಲುತ್ತದೆಯೇ? ಬಳಕೆಯ ಉದಾಹರಣೆಯೊಂದಿಗೆ ತಿಳಿಸಿದರೆ ಟಿಪ್ಪಣಿಯಲ್ಲಿ ಸೇರಿಸಿಕೊಳ್ಳುತ್ತೇನೆ.